ಬಡ್ಡಿ ಬಿಟ್ಟು ಕಮಿಷನ್ ಹಿಡಿದ ಕಾಲ

ಬ್ಯಾಂಕಿನಲ್ಲಿ ಕೂತವರಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಗಲು ಪುರಸೊತ್ತು ಸಿಗುವುದು ಮಾತ್ರ ನಿವೃತ್ತಿಯಾದ ಮೇಲೆ. ಆಗ ನಕ್ಕರೆ ಸ್ವಲ್ಪ ಸಂಕಟವೂ ಆಗುತ್ತದೆ.

೧. ಎದುರು ಮನೆಯ ತಂಪು

ಎರಡು ಸಾವಿರದ ಆಸುಪಾಸಿನಲ್ಲಿ ಚಾಮರಾಜಪೇಟೆಯ ನಮ್ಮ ಶಾಖೆಯ ಎದುರಿಗೇ ಒಂದು ಖಾಸಗಿ ಬ್ಯಾಂಕು ಬಂತು. ಅಲ್ಲಿ ಗಾಜಿನ ಬಾಗಿಲು, ಏಸಿ, ಮೆತ್ತನೆ ಸೋಫಾ. ನಮ್ಮಲ್ಲಿ ಹಿತ್ತಾಳೆ ಟೋಕನ್ನು, ಕಿರುಗುಟ್ಟುವ ಫ್ಯಾನು. ಹಳೇ ಗಿರಾಕಿಗಳು ರಸ್ತೆ ದಾಟಿಬಿಟ್ಟರೆ ಎಂಬುದೊಂದೇ ನಮ್ಮ ಮ್ಯಾನೇಜರಿಗೆ ದಿಗಿಲು. ಅದರಲ್ಲೂ ಒಬ್ಬ ನಿವೃತ್ತ ಹೆಡ್ಮಾಸ್ಟರು. ಪಿಂಚಣಿ, ಠೇವಣಿ ಎಲ್ಲ ನಮ್ಮಲ್ಲೇ. ಬಂದಾಗಲೆಲ್ಲ ನನ್ನ ಟೇಬಲ್ಲಿನ ಮುಂದೆ ಕೂತು ಹರಟುತ್ತಿದ್ದರು. ಅಂಥ ಹರಟೆ ನನಗೆ ಆಮೇಲೆ ಸಿಗಲೇ ಇಲ್ಲ.

ಒಂದು ದಿನ ಮೇಷ್ಟ್ರು ಟೋಕನ್ ತೆಗೆದುಕೊಂಡವರೇ ನೆಟ್ಟಗೆ ಎದುರು ಬ್ಯಾಂಕಿಗೆ ನಡೆದರು. ಗಾಬರಿಯಾದ ಮ್ಯಾನೇಜರ್ ನನ್ನನ್ನು ಅವರ ಹಿಂದೆ ಓಡಿಸಿದರು. ಹೋಗಿ ನೋಡಿದರೆ ಮೇಷ್ಟ್ರು ಸೋಫಾದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದಾರೆ.

"ನಿಮ್ಮಲ್ಲಿ ದುಡ್ಡು ಕೈಗೆ ಬರೋಕೆ ಮುಕ್ಕಾಲು ಗಂಟೆ ಆಗುತ್ತಲ್ಲಮ್ಮ, ಸೆಕೆ ಬೇರೆ. ಇಲ್ಲೇ ಕಾಯ್ತಿರ್ತೀನಿ, ನನ್ನ ನಂಬರ್ ಬಂದಾಗ ಒಂದು ಕೂಗು ಹಾಕು."

೨. ಒರೆಗಲ್ಲು

ಪೈಪೋಟಿಯಲ್ಲಿ ಸಾಲದ ಬಡ್ಡಿ ಇಳಿಸಿ ಇಳಿಸಿ ನಮ್ಮ ಲಾಭ ಸೊರಗಿತು. ಬಡ್ಡಿಯನ್ನೇ ನಂಬಬೇಡಿ, ಬೇರೆ ಆದಾಯ ತನ್ನಿ ಎಂದು ಮೇಲಿನಿಂದ ಹುಕುಂ ಬಂತು. ಮೊದಲು ಮಾರಿದ್ದು ಚಿನ್ನದ ನಾಣ್ಯ. ನನ್ನ ಮಾತಿಗೆ ಮೇಷ್ಟ್ರು ಒಂದು ಕೊಂಡರು.

ಮರುದಿನ ಅವರ ಹೆಂಡತಿ ನಾಣ್ಯದ ಜೊತೆ ತಮ್ಮ ಅಕ್ಕಸಾಲಿಗನನ್ನೂ ಕರೆತಂದರು. ಅವನ ಕೈಯಲ್ಲಿ ಒರೆಗಲ್ಲು. ಒರೆ ಹಚ್ಚದ ಚಿನ್ನವನ್ನು ಬೀರುವಿನಲ್ಲಿ ಇಡುವ ಪದ್ಧತಿ ಅವರ ಮನೆಯಲ್ಲಿಲ್ಲ.

"ಪ್ಯಾಕೆಟ್ ಒಡೀಬೇಡಿ ಅಮ್ಮಾ, ಗ್ಯಾರಂಟಿ ಹೋಗುತ್ತೆ" ಅಂದೆ.

"ಹಾಗಾದ್ರೆ ನೀವೇ ವಾಪಸ್ ತಗೊಳ್ಳಿ."

"ಬ್ಯಾಂಕು ಮಾರುತ್ತೆ, ವಾಪಸ್ ತಗೊಳ್ಳಲ್ಲ."

ಆಕೆ ಅಕ್ಕಸಾಲಿಗನ ಕಡೆ ತಿರುಗಿದರು. "ನೀನೇ ವಾಸಿ ಕಣಪ್ಪ. ವೇಸ್ಟೇಜ್ ಅಂತ ಒಂದಿಷ್ಟು ಹೊಡ್ಕೊಂಡ್ರೂ ಉಳಿದಿದ್ದಾದ್ರೂ ಕೊಡ್ತೀಯ."

೩. ದಾಕ್ಷಿಣ್ಯ

ಆಮೇಲೆ ಕಮಿಷನ್ನಿಗೆ ಮಾರಲು ವಿಮೆ ಪಾಲಿಸಿ ಬಂತು. ಟಾರ್ಗೆಟ್ ಮುಟ್ಟದಿದ್ದರೆ ಮೀಟಿಂಗಿನಲ್ಲಿ ಮಂಗಳಾರತಿ. ಮೇಷ್ಟ್ರು ಅಳಿಯನ ಹೆಸರಿಗೊಂದು ತಗೊಂಡರು, ಮೊಮ್ಮಗಳ ಹೆಸರಿಗೊಂದು ತಗೊಂಡರು. ಪ್ರತಿ ಸಲವೂ ಒಂದೇ ಮಾತು: "ನೀನು ಹೇಳ್ತಿದೀಯ ಅಂದ್ಮೇಲೆ ಹೇಗಮ್ಮ ಇಲ್ಲ ಅನ್ಲಿ?"

ಬರಬರುತ್ತಾ ಅವರ ಹರಟೆ ನಿಂತಿತು. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ನನ್ನನ್ನು ಕಂಡವರೇ ಬಾಳೆಕಂದಿನ ರಾಶಿಯ ಹಿಂದೆ ಸರಿದು ನಿಂತರು. ಮೊದಲೆಲ್ಲ ಸಾಲ ಕೇಳುವ ಗಿರಾಕಿಗಳನ್ನು ಕಂಡು ನಾವು ತಪ್ಪಿಸಿಕೊಳ್ಳುತ್ತಿದ್ದೆವು. ನಾನೂ ನೋಡದವಳಂತೆ ಮುಂದೆ ಹೋದೆ.

ಆ ವರ್ಷ ಕಮಿಷನ್ ಆದಾಯದಲ್ಲಿ ನಮ್ಮ ಶಾಖೆಗೆ ಶೀಲ್ಡ್ ಬಂತು. ಅದೇ ವಾರ ಮೇಷ್ಟ್ರು ಖಾತೆ ಮುಚ್ಚಲು ಬಂದರು.

"ಎದುರು ಬ್ಯಾಂಕಿಗೆ ಹೋಗ್ತಿದೀನಮ್ಮ" ಅಂದರು, ನನ್ನ ಮುಖ ನೋಡದೆ.

ಮ್ಯಾನೇಜರ್ ಕ್ಯಾಬಿನ್ನಿಂದ ಓಡಿ ಬಂದರು. "ಸಾರ್, ಅಲ್ಲೂ ಪಾಲಿಸಿ ಮಾರ್ತಾರೆ! ನಮಗಿಂತ ಜಾಸ್ತಿ ಪ್ರಾಣ ತಿಂತಾರೆ!"

"ಗೊತ್ತಪ್ಪ" ಅಂದರು ಮೇಷ್ಟ್ರು. "ಆದ್ರೆ ಅಲ್ಲಿ ನನಗೆ ಯಾರೂ ಪರಿಚಯ ಇಲ್ಲ. ಬೇಡ ಅಂತ ಧೈರ್ಯವಾಗಿ ಹೇಳ್ಬಹುದು."