ನನ್ನ ಎರಡು ಜಿಬಿ

ನನಗೆ ಸಿಟ್ಟು ಬರುವುದೇ ಇಲ್ಲ ಎಂದು ಕಾಪುವಿನಲ್ಲಿ ಯಾರೂ ಹೇಳುವುದಿಲ್ಲ. ಆದರೆ ಈ ಸಲದ ಸಿಟ್ಟು ನ್ಯಾಯವಾದದ್ದು. ಎಂಟು ಜಿಬಿ ಮೆಮೊರಿ ಎಂದು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಬಳಸಲು ಸಿಗುವುದು ಆರೇ ಎಂದು ಪರದೆಯ ಮೇಲೆಯೇ ಬರೆದಿತ್ತು! ಕಳ್ಳರು ರಸೀದಿ ಕೊಟ್ಟು ಕದಿಯುವ ಕಾಲ ಇದು.

"ಅದನ್ನು ಮುಟ್ಟಬೇಡಿ," ಎಂದಳು ಹೆಂಡತಿ ಬರ್ತಾ, ಅಡುಗೆಮನೆಯಿಂದ. "ಸೋಫಿಯಾಳ ರೋಸಿಗೆ ನಾಲ್ಕೇ ದಿನ ಉಂಟು. ನನ್ನ ವಿಡಿಯೊ ಮುಗಿಯಲಿಲ್ಲ."

ಸೋಫಿಯಾ ನಮ್ಮ ಒಬ್ಬಳೇ ಮಗಳು. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸಿನ ಸಂಜೆ, ಅವಳ ತೊಟ್ಟಿಲಿನಿಂದ ಇಲ್ಲಿಯವರೆಗಿನ ಫೋಟೊಗಳನ್ನು ಪೋಣಿಸಿ ಇಡೀ ಕುಟುಂಬಕ್ಕೆ ತೋರಿಸುವುದು ಬರ್ತಾಳ ಮಹಾಸಂಕಲ್ಪ.

"ಕದ್ದ ಮಾಲು ವಾಪಸು ತರದೆ ನಾನು ಊಟ ಮಾಡುವವನಲ್ಲ!" ಎಂದು ಗುಡುಗಿ, ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟು ಉಡುಪಿಯ ಬಸ್ಸು ಹತ್ತಿದೆ. (ಅಂಜಲ್ ಮೀನು ಹುರಿಯುವ ಪರಿಮಳ ಬರುತ್ತಿತ್ತು. ಆದರೆ ನನ್ನ ಎರಡು ತುಂಡುಗಳನ್ನು ಬರ್ತಾ ಮೊದಲೇ ಬೇರೆ ಮುಚ್ಚಿಡುವುದು ನಮ್ಮ ಮನೆಯ ಮೂವತ್ತು ವರ್ಷದ ಪದ್ಧತಿ. ಹಾಗಾಗಿ ಧೈರ್ಯವಿತ್ತು.)

ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಇಮ್ತಿಯಾಝ್ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡ.

"ಪೊರ್ಬುಗಳೇ," ಎಂದ, ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ. "ಎಂಟೂ ಉಂಟು. ಇದರಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಪ್ರೊಸೆಸರಿನ ಒಳಗೇ ಇರುವುದು. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಹಾಗಾಗಿ ಎಂಟರಲ್ಲಿ ಸ್ವಲ್ಪ ಅದಕ್ಕೆ ಅಂತ ಮೊದಲೇ ತೆಗೆದಿಡುವುದು. ವಿಡಿಯೊಗೆ ಬೇಕು ಅಂತ ನಿಮ್ಮ ಮನೆಯ ಬಾಯಮ್ಮನೇ ಅದನ್ನು ಎರಡು ಜಿಬಿ ಮಾಡಿಸಿಕೊಂಡು ಹೋದದ್ದು."

"ಒಬ್ಬನಿಗೆ ಅಂತ ಮೊದಲೇ ತೆಗೆದಿಡುವುದಾ? ಅದಕ್ಕೆ ಕಳ್ಳತನ ಅಂತಲೇ ಹೇಳುವುದು ಮಾರಾಯ! ಎಲ್ಲಾ ಒಟ್ಟಿಗೆ ಹಾಕು!"

ಗಿರಾಕಿಗಳೆಲ್ಲ ತಿರುಗಿ ನೋಡಿದರು. ಇಮ್ತಿಯಾಝ್ ನಿಟ್ಟುಸಿರು ಬಿಟ್ಟು ಸೆಟ್ಟಿಂಗ್ ಬದಲಿಸಿದ. ಪರದೆಯ ಮೇಲೆ ಈಗ ಎಂಟಕ್ಕೆ ಕೂದಲೆಳೆಯಷ್ಟೇ ಕಡಿಮೆ! ದಿಗ್ವಿಜಯ ಮುಗಿಸಿ ಮನೆಗೆ ಬಂದೆ.

ಬರ್ತಾ ವಿಡಿಯೊ ತೆರೆದಳು. ಗ್ರಾಫಿಕ್ಸ್ ಮೆಮೊರಿ ಸಾಲದು ಎಂದು ಬರೆದು ಎಲ್ಲ ಮುಚ್ಚಿಕೊಂಡಿತು. ಮತ್ತೆ ತೆರೆದಳು. ಮತ್ತೆ ಮುಚ್ಚಿತು. ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

"ಊಟ ಮಾಡಿ ಯೋಚಿಸುವ," ಎಂದು ನನ್ನ ತಟ್ಟೆಯ ಮುಚ್ಚಳ ತೆಗೆದೆ. ಒಂದು ನೀರುಳ್ಳಿ ಚೂರು ಇತ್ತು.

"ನನ್ನ ಅಂಜಲ್ ಎಲ್ಲಿ?"

"ಇಮ್ತಿಯಾಝ್ ಫೋನ್ ಮಾಡಿದ್ದ. ಒಬ್ಬನಿಗೆ ಅಂತ ತೆಗೆದಿಡುವುದು ಕಳ್ಳತನ ಅಂತ ಭಾಷಣ ಮಾಡಿದಿರಂತೆ ಅಲ್ವಾ? ಎಲ್ಲಾ ಒಟ್ಟಿಗೆ ಹಾಕಿದೆ. ಬೆಕ್ಕಿಗೂ ಪಾಲು ಬಂತು."

ಖಾಲಿ ಹೊಟ್ಟೆಯಲ್ಲಿ ಮತ್ತೆ ಉಡುಪಿಯ ಬಸ್ಸು ಹತ್ತಿದೆ.

"ಆ ಎರಡು ಜಿಬಿ ಮೊದಲಿನ ಹಾಗೇ ತೆಗೆದಿಡು ಮಾರಾಯ," ಎಂದೆ ಇಮ್ತಿಯಾಝ್‌ಗೆ, ಈ ಸಲ ಗಿರಾಕಿಗಳಿಗೆ ಕೇಳಿಸದಂತೆ. "ಮತ್ತೆ ಬಾಯಮ್ಮನಿಗೆ ಒಂದು ಫೋನ್ ಮಾಡು. ತೆಗೆದಿಡುವುದು ನ್ಯಾಯವೇ ಅಂತ ನಾನು ಒಪ್ಪಿದೆ ಅಂತ ಹೇಳು."