ನೀರಗಂಟಿ ನಿಂತ ಬಾಗಿಲು

ಬಾರದ ಕೆಲಸವನ್ನು ಬರುತ್ತದೆ ಎಂದು ಒಪ್ಪಿಕೊಂಡದ್ದೇ ಅನ್ಸೆಲ್ಮೊ ಮಾಡಿದ ತಪ್ಪು. ನಮ್ಮೂರಿಗೆ ಇರುವುದೊಂದೇ ಹೆಣದ ಗಾಡಿ, ಅದಕ್ಕೆ ಡ್ರೈವರ್ ಅವನು. ಗಾಡಿಯ ಮುಂದಿನ ಬ್ರೇಕ್ ಪ್ಯಾಡುಗಳು ಪೂರಾ ಸವೆದಿದ್ದವು. ಮೆಕ್ಯಾನಿಕ್ ನೋಡಿದರೆ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದ.

"ಪ್ಯಾಡ್ ಬದಲಾಯಿಸೋದೇನು ಬ್ರಹ್ಮವಿದ್ಯೆನಾ ಯಜಮಾನ್ರೇ? ನಾನೇ ಹಾಕ್ತೀನಿ ಬಿಡಿ."

ಮಾಲೀಕ ದೋನ್ ತಿಬುರ್ಸಿಯೊ ಅವನನ್ನು ಕನ್ನಡಕದ ಮೇಲಿಂದ ನೋಡಿದ. "ಹೋದ ತಿಂಗಳು ಹೆಣಾನ ಪಕ್ಕದೂರಿನ ಸ್ಮಶಾನಕ್ಕೆ ಒಯ್ದೋನು ನೀನು. ಇನ್ನೊಂದೇ ಒಂದು ದೂರು ಬರಲಿ, ಬೇರೆ ಕೆಲಸ ನೋಡ್ಕೋ."

ಐವತ್ತೆರಡರ ವಯಸ್ಸಿನಲ್ಲಿ ಅನ್ಸೆಲ್ಮೊಗೆ ಬೇರೆ ಕೆಲಸ ಕೊಡುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಬಲು ಎಚ್ಚರದಿಂದ ಪ್ಯಾಡು ಹಾಕಿದ. ಹಾಕಿದ್ದೂ ಸರಿಯಾಗಿಯೇ ಇತ್ತು. ಆದರೆ ಪೆಡಲ್ ಯಾಕೋ ತುಸು ಆಳಕ್ಕೆ ಇಳಿಯುತ್ತಿದೆ ಅನ್ನಿಸಿತು. ಪೆಡಲಿನ ಹಿಂದಿನ ಕಡ್ಡಿಯನ್ನು ಸ್ಪ್ಯಾನರ್ ಹಿಡಿದು ಎರಡು ಸುತ್ತು ತಿರುಗಿಸಿ ಉದ್ದ ಮಾಡಿದ. ಈಗ ಕಾಲು ತಾಗಿಸಿದರೆ ಸಾಕು, ಬ್ರೇಕ್ ಹಿಡಿಯುತ್ತಿತ್ತು. ತನ್ನ ಬೆನ್ನು ತಾನೇ ತಟ್ಟಿಕೊಂಡು ಮನೆಗೆ ಹೋದ.

ಮರುದಿನ ಬೆಟ್ಟದ ಕಡೆಯಿಂದ ಸೋಂಡಾ ಗಾಳಿ ಎದ್ದಿತು. ಒಲೆಯ ಬಾಯಿಂದ ಬಂದಂಥ ಗಾಳಿ ಅದು. ನಡುಹಗಲೇ ಆಕಾಶ ಕಂದು ಬಣ್ಣಕ್ಕೆ ತಿರುಗಿತು, ನಾಯಿಗಳು ಕಟ್ಟೆಯ ಕೆಳಗೆ ಸೇರಿ ಸೊಲ್ಲೆತ್ತಲಿಲ್ಲ. ಸೋಂಡಾ ಬೀಸುವ ದಿನ ನಾವು ಬಟ್ಟೆ ಒಗೆಯುವುದಿಲ್ಲ, ಮದುವೆ ಮಾತಾಡುವುದಿಲ್ಲ, ಸಾಧ್ಯವಾದರೆ ಸಾಯುವುದೂ ಇಲ್ಲ. ಆದರೆ ನೀರಗಂಟಿ ದೋನ್ ಎಲಾದಿಯೊ ಹಿಂದಿನ ಸಂಜೆಯೇ ತೀರಿಕೊಂಡಿದ್ದ, ಆ ಸೆಕೆಯಲ್ಲಿ ಇನ್ನು ಇಡುವ ಹಾಗಿರಲಿಲ್ಲ.

ನಲವತ್ತು ವರ್ಷ ಊರಿನ ದ್ರಾಕ್ಷಿ ತೋಟಗಳಿಗೆ ಸರದಿಯ ಮೇಲೆ ತೂಬು ತೆಗೆದು ನೀರು ಬಿಟ್ಟವನು ಅವನು. ಯಾರ ಸರದಿ ಯಾವ ಹೊತ್ತಿಗೋ, ಆ ಹೊತ್ತಿಗೆ ಅವರ ಹಿತ್ತಿಲಲ್ಲಿ ಇರುತ್ತಿದ್ದ. ಸತ್ತವನಿಗೆ ಪ್ರಿಯವಾದ ಜಾಗದಲ್ಲಿ ಗಾಡಿ ನಿಲ್ಲಿಸಿ ವಿದಾಯ ಹೇಳಿಸಿ ಮುಂದೆ ಹೋಗುವುದು ನಮ್ಮಲ್ಲಿ ಪದ್ಧತಿ. ಜಾಗಗಳನ್ನು ಮನೆಯವರು ಹೇಳಬೇಕು. ಹೆಂಡತಿ ದೋನ್ಯಾ ಮೆಲಿತೋನಾ ಹೇಳಿದ್ದು ಒಂದೇ ಜಾಗ, ತನ್ನ ಮನೆಯ ಗೇಟು. ಮೊಣಕಾಲು ನೋವಿನಿಂದಾಗಿ ಅವಳು ಚರ್ಚಿಗೆ ಬಂದಿರಲಿಲ್ಲ. ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕಾಯುತ್ತೇನೆ, ಅಲ್ಲಿಂದ ಮುಂದಿನ ಸೀಟಿನಲ್ಲಿ ಗಂಡನ ಜೊತೆ ಬರುತ್ತೇನೆ ಎಂದು ಹೇಳಿಕಳಿಸಿದ್ದಳು.

ಚರ್ಚಿನಿಂದ ಗಾಡಿ ಹೊರಟಿತು. ಹಿಂದೆ ಮಾಲೀಕ, ಅವನ ಹಿಂದೆ ಊರು. ಡ್ರೈವರನ ಕಿಟಕಿಗೆ ಅಂಟಿಕೊಂಡು ದೋನ್ಯಾ ಕ್ಲೆಯೊಫೆ ನಡೆಯುತ್ತಿದ್ದಳು. ನೆಂಟರ ಮದುವೆ ತಪ್ಪಿಸಿಯಾಳು, ಯಾರ ಹೆಣವನ್ನೂ ತಪ್ಪಿಸುವವಳಲ್ಲ.

ಎರಡು ಬೀದಿ ದಾಟುವಷ್ಟರಲ್ಲಿ ಗಾಡಿ ನರಳತೊಡಗಿತು. ಬಾಗಿಲು ಹಾಕಿದ ಕೋಣೆಯಲ್ಲಿ ಹೆಂಗಸೊಬ್ಬಳು ಅಳುವ ಹಾಗಿತ್ತು ಆ ದನಿ.

"ಅನ್ಸೆಲ್ಮೊ, ಯಾರೋ ಅದು ಅಳ್ತಿರೋದು?" ಎಂದಳು ಕ್ಲೆಯೊಫೆ.

"ಗಾಳಿ ಕಣಮ್ಮಾ."

ಹೆಂಡದಂಗಡಿಯ ಮುಂದೆ ಬಂದಾಗ ಗಾಡಿ ತಾನಾಗಿ ನಿಂತಿತು. ಅನ್ಸೆಲ್ಮೊನ ಕಾಲು ಆಕ್ಸಿಲರೇಟರ್ ಮೇಲಿತ್ತು, ಇಂಜಿನ್ ಗುರುಗುಡುತ್ತಿತ್ತು. ಹಿಂದಿನಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡಂತೆ ಗಾಡಿ ಇದ್ದಲ್ಲೇ ನಡುಗುತ್ತಿತ್ತು. ಒಳಗೆ ಇಸ್ಪೀಟಾಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಟೊಪ್ಪಿ ತೆಗೆದರು.

"ಅವನೇ ನಿಲ್ಲಿಸಿದ್ದು," ಎಂದು ಕ್ಲೆಯೊಫೆ ಪಿಸುಗುಟ್ಟಿದಳು. "ಕೊನೇ ಗುಟುಕು ಕೇಳ್ತಿದಾನೆ, ಕೊಡ್ರೋ!"

ನೆಲಕ್ಕೆ ಒಂದು ಲೋಟ ವೈನ್ ಸುರಿದರು, ಒಂದು ಪ್ರಾರ್ಥನೆ ಹೇಳಿದರು. ಅಷ್ಟು ಹೊತ್ತಿಗೆ ಗಾಡಿ ಮೆಲ್ಲಗೆ ಸಡಿಲಗೊಂಡು ಹೊರಟಿತು. ಜನ ಶಿಲುಬೆ ಗುರುತು ಹಾಕಿಕೊಂಡರು. ಅನ್ಸೆಲ್ಮೊ ಕನ್ನಡಿಯಲ್ಲಿ ಪೆಟ್ಟಿಗೆಯನ್ನು ನೋಡುತ್ತಾ, "ದೋನ್ ಎಲಾದಿಯೊ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡಿ" ಎಂದು ಬೇಡಿಕೊಂಡ.

ದೋನ್ ಎಲಾದಿಯೊಗೆ ಕೇಳಿಸಲಿಲ್ಲವೋ ಏನೋ. ಕಾಲುವೆ ದಾಟಿದ ಮೇಲೆ ಗಾಡಿ ಇನ್ನೂ ಜೋರಾಗಿ ಅತ್ತು ಮತ್ತೆ ನಿಂತಿತು. ಮುಂದಿನ ಎರಡೂ ಚಕ್ರಗಳಿಂದ ಧೂಪ ಹಾಕಿದಂತೆ ಹೊಗೆ ಏಳುತ್ತಿತ್ತು. ನಿಂತದ್ದು ದರ್ಜಿ ಎರ್ಸಿಲಿಯಾಳ ಬಾಗಿಲಿಗೆ ಸರಿಯಾಗಿ. ಅವಳು ಮದುವೆಯಾಗದವಳು, ವಯಸ್ಸು ಐವತ್ತರ ಮೇಲೆ. ಅವಳಿಗೆ ದ್ರಾಕ್ಷಿ ತೋಟ ಇರಲಿಲ್ಲ. ನೀರಿನ ಸರದಿಯಂತೂ ಇರಲೇ ಇಲ್ಲ.

ಬಾಗಿಲು ತೆರೆಯಿತು. ಎರ್ಸಿಲಿಯಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದು, ಗಾಡಿಯ ಗಾಜಿನ ಮೇಲೆ ಅಂಗೈ ಇಟ್ಟಳು.

"ಅಂತೂ ಒಂದ್ಸಲ ಹಗಲಲ್ಲಿ ಬಂದ್ಯಾ?" ಎಂದಳು.

ಇಂಥ ಮಾತು ನಮ್ಮೂರಲ್ಲಿ ಗಾಳಿಗಿಂತ ಮುಂದೆ ಓಡುತ್ತದೆ. ಮೆರವಣಿಗೆಯ ಕೊನೆಯಲ್ಲಿ ಕಾರಿನಲ್ಲಿ ಬರುತ್ತಿದ್ದ ಮೆಲಿತೋನಾಳ ತಂಗಿಯ ಮಗಳು ಆಗಲೇ ಕಾರು ತಿರುಗಿಸಿ ದೊಡ್ಡಮ್ಮನ ಮನೆಯ ಕಡೆ ಹೋಗಿದ್ದಳು.

ಅನ್ಸೆಲ್ಮೊ ಇಳಿದು ಚಕ್ರದ ಹತ್ತಿರ ಕೈ ಒಯ್ದ. ಕೈ ಸುಟ್ಟಿತು. ಉಗುಳಿ ನೋಡಿದ, ಚುರ್ ಎಂದಿತು. ದೆವ್ವದ ಕೈ ಹಿಮದಂತೆ ತಣ್ಣಗಿರುತ್ತದೆ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಹಾಗಾದರೆ ಇದು ದೆವ್ವವಲ್ಲ, ಬ್ರೇಕು! ಆಗ ಅವನಿಗೆ ಎಲ್ಲ ಹೊಳೆಯಿತು. ಕಡ್ಡಿ ಉದ್ದವಾಗಿ ಪೆಡಲ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ. ಪ್ಯಾಡು ಚಕ್ರವನ್ನು ಉಜ್ಜುತ್ತಲೇ ಇದೆ. ಉಜ್ಜಿ ಕಾದಷ್ಟೂ ಒಳಗಿನ ಬ್ರೇಕ್ ಎಣ್ಣೆ ಉಬ್ಬಿ ಇನ್ನಷ್ಟು ಬಿಗಿಯುತ್ತದೆ, ಆರಿದರೆ ಬಿಡುತ್ತದೆ. ದೆವ್ವವಲ್ಲವೆಂದು ನಿರಾಳವಾಯಿತು. ಮರುಕ್ಷಣವೇ, ದೆವ್ವವೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ದೆವ್ವದ ಮೇಲೆ ಯಾರೂ ದೂರು ಕೊಡುವುದಿಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಸುಮ್ಮನಿರಲು ತೀರ್ಮಾನಿಸಿದ.

ಸ್ಪ್ಯಾನರನ್ನು ಅಂಗಿಯ ತೋಳಿನಲ್ಲಿ ಮುಚ್ಚಿಟ್ಟುಕೊಂಡು, ಬಾಗಿಲ ಬಳಿ ಮೊಣಕಾಲೂರಿ, ಪೆಡಲಿನ ಕಡೆಗೆ ತಲೆ ತೂರಿಸಿದ.

"ನೋಡ್ರೇ, ಡ್ರೈವರ್ ಕೂಡ ಪ್ರಾರ್ಥನೆಗೆ ಕೂತ!" ಎಂದಳು ಕ್ಲೆಯೊಫೆ. ಇಡೀ ಊರು ಧೂಳಿನಲ್ಲೇ ಮೊಣಕಾಲೂರಿತು. ಮಾಲೀಕನೂ ಊರಿದ.

ಕಡ್ಡಿ ಎರಡು ಸುತ್ತು ಹಿಂದಕ್ಕೆ ತಿರುಗಿತು. ನರಳಾಟ ನಿಂತಿತು. ಗಾಡಿ ಬೆಣ್ಣೆಯಲ್ಲಿ ಹೋದ ಹಾಗೆ ಹೊರಟಿತು. ಅನ್ಸೆಲ್ಮೊ ಆ ದಿನ ಮೊದಲ ಬಾರಿಗೆ ನೆಮ್ಮದಿಯಾಗಿ ಉಸಿರಾಡಿದ.

ಮೆಲಿತೋನಾಳ ಮನೆ ಇಳಿಜಾರಿನ ಮಧ್ಯದಲ್ಲಿದೆ. ಅವಳು ಕಪ್ಪು ಬಟ್ಟೆ ತೊಟ್ಟು ಕುರ್ಚಿಯಿಂದ ಎದ್ದು ನಿಂತಿದ್ದಳು. ಪಕ್ಕದಲ್ಲಿ ತಂಗಿಯ ಮಗಳಿದ್ದಳು, ಅಂದರೆ ಸುದ್ದಿ ಮುಟ್ಟಿತ್ತು. ಆದರೂ ಮುದುಕಿ ಎರಡೂ ಕೈ ಮುಂದೆ ಚಾಚಿದ್ದಳು. ಪಾಪ, ಇಲ್ಲಿ ತುಂಬ ಹೊತ್ತು ನಿಲ್ಲಿಸೋಣ ಎಂದುಕೊಂಡು ಅನ್ಸೆಲ್ಮೊ ಬ್ರೇಕ್ ಒತ್ತಿದ.

ಪೆಡಲ್ ನೆಲ ಮುಟ್ಟಿತು. ಅಷ್ಟು ಹೊತ್ತು ಕಾದ ಎಣ್ಣೆ ಕುದಿದು ಆವಿಯಾಗಿತ್ತು. ಮತ್ತೆ ಒತ್ತಿದ, ಕಾಲಡಿ ಏನೂ ಇಲ್ಲ. ಕೈಬ್ರೇಕಿನ ಕೇಬಲ್ ಹರಿದು ವರ್ಷವಾಗಿತ್ತು. ಗಾಡಿ ಒಂದಿಷ್ಟೂ ಸದ್ದು ಮಾಡದೆ ಮೆಲಿತೋನಾಳ ಚಾಚಿದ ಕೈಗಳ ಮುಂದೆಯೇ ಜಾರಿಕೊಂಡು ಹೋಯಿತು.

"ಹೆಂಡ್ತಿ ಮುಖ ಕಂಡಿದ್ದೇ ತಡ, ಓಟ ಕಿತ್ತ!" ಎಂದು ಕ್ಲೆಯೊಫೆ ಹಿಂದಿನಿಂದ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಸ್ಮಶಾನದ ಏರಿನಲ್ಲಿ ಗಾಡಿ ತಾನಾಗಿ ನಿಂತಿತು. ಜನ ಏದುಸಿರು ಬಿಡುತ್ತ ಬಂದರು. ಮೆಲಿತೋನಾ ತಂಗಿಯ ಮಗಳ ಕಾರಿನಿಂದ ಇಳಿದು, ಕೋಲೂರಿಕೊಂಡು ನೇರ ಅನ್ಸೆಲ್ಮೊನ ಎದುರು ನಿಂತಳು. ಆ ಮುಖ ನೋಡಿದ ಮೇಲೆ ಅನ್ಸೆಲ್ಮೊಗೆ ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಅನ್ನಿಸಿತು.

"ಅಮ್ಮಾ, ಅದು ಅವರಲ್ಲ, ಬ್ರೇಕು. ನಾನೇ ತಪ್ಪಾಗಿ ಕೂರಿಸಿದ್ದೆ. ಅಲ್ಲಿ ಅದಾಗೇ ಹಿಡ್ಕೊಳ್ತು, ನಿಮ್ಮನೆ ಹತ್ರ ಹಿಡೀಲಿಲ್ಲ. ದೇವರಾಣೆಗೂ ದೋನ್ ಎಲಾದಿಯೊದು ಏನೂ ತಪ್ಪಿಲ್ಲಮ್ಮಾ."

ಮೆಲಿತೋನಾ ಅವನನ್ನೇ ನೋಡಿದಳು. ಆಮೇಲೆ ಎರ್ಸಿಲಿಯಾಳ ಬೀದಿಯ ಕಡೆ ನೋಡಿದಳು.

"ಮೂವತ್ತೆಂಟು ವರ್ಷದಿಂದ ಅವನ ಪರವಾಗಿ ಸುಳ್ಳು ಹೇಳೋರನ್ನ ಕಂಡಿದೀನಪ್ಪಾ," ಎಂದಳು. "ತೂಬು ಕೆಟ್ಟಿತ್ತು ಅಂದೋರಿದ್ರು, ಕಾಲುವೆ ಒಡೆದಿತ್ತು ಅಂದೋರಿದ್ರು. ಬ್ರೇಕು ಅಂದೋನು ನೀನೊಬ್ಬನೇ."

ಜನ ತಲೆಯಾಡಿಸಿದರು. ಸತ್ತವನ ಮಾನ ಉಳಿಸಲು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ, ಎಂಥಾ ದೊಡ್ಡ ಮನಸ್ಸು ಎಂದು ಕ್ಲೆಯೊಫೆ ಕಣ್ಣೊರೆಸಿಕೊಂಡಳು. ಅನ್ಸೆಲ್ಮೊ ಹೇಳಿದ್ದನ್ನು ಅಕ್ಷರಶಃ ನಂಬಿದವನು ಆ ಸ್ಮಶಾನದಲ್ಲಿ ಒಬ್ಬನೇ ಒಬ್ಬ. ಅವನು ಮಾಲೀಕ ದೋನ್ ತಿಬುರ್ಸಿಯೊ. ಅವನು ಗಾಡಿಯ ಕೀಲಿಗೆ ಕೈ ಚಾಚಿಕೊಂಡು ಆಗಲೇ ಹತ್ತಿರ ಬರುತ್ತಿದ್ದ.