ಬಂದೂಕಿನ ಗ್ಯಾಸು, ಫೋರ್‌ಮನ್ನರ ಬೂಟು

ನಾನು ಹುಟ್ಟಿದ್ದು ಉಡುಪಿಯ ಕಡೆ, ದುಡಿದದ್ದು ಮುಂಬಯಿ ಕಾಂದಿವಲಿಯ ಬಂದೂಕು ರಿಪೇರಿ ಶೆಡ್ಡಿನಲ್ಲಿ. ಈಗಲೂ ಇದನ್ನು ಹೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಲ್ಲಿ ವಾರಕ್ಕೊಮ್ಮೆಯಾದರೂ ಹೊಟ್ಟೆ ಹಿಡಿದು ನಗುವಂಥದ್ದು ನಡೆಯುತ್ತಿತ್ತು ಎಂದರೆ ಮಾತ್ರ ನಂಬುವುದಿಲ್ಲ.

ಕುಕ್ಕರ್

ಎಪ್ಪತ್ತನೇ ಇಸವಿಯ ಸುಮಾರು. ರೈಫಲ್ಲುಗಳ ಒಡೆದ ಬೋಲ್ಟುಗಳಿಗೆ ಚೀಟಿ ಕಟ್ಟಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಅವು ಯಾಕೆ ಒಡೆಯುತ್ತವೆ ಎಂದು ಹಿರಿಯ ಫಿಟ್ಟರ್ ಚಾಚಾ ಅವರನ್ನು ಕೇಳಿದೆ. ಅವರು ವಿಜಾಪುರದ ಕಡೆಯವರು.

"ಗುಂಡು ಹಾರಿದಾಗ ಒಂದೀಟು ಗ್ಯಾಸ್ ಹಿಂದಕ್ಕ ಬಂದು ಬೋಲ್ಟ್ ದೂಡ್ತದ್ರಿ ಅಕ್ಕಾರ. ಬೋಲ್ಟ್ ಖಾಲಿ ತೋಟಾ ಹೊರಗ ಒಗೀತದ. ಗ್ಯಾಸ್ ಕಡಿಮಿ ಆದ್ರ ತೋಟಾ ಒಳಗ ಸಿಗಬೀಳ್ತದ. ಹೆಚ್ಚಾದ್ರ ತೋಟಾ ದೂರ ಹಾರ್ತದ, ಬೋಲ್ಟ್ ಬಡದು ಬಡದು ಬಿರೀತದ. ನಿಮ್ಮ ಕುಕ್ಕರಿನ ಹಬೆ ಇದ್ದಂಗ."

"ನಮ್ಮಲ್ಲಿ ಕುಕ್ಕರ್ ಇಲ್ಲ ಚಾಚಾ."

"ನಮ್ಮನ್ಯಾಗೂ ಇಲ್ರಿ. ರೈಫಲ್ ನೋಡೇ ಕುಕ್ಕರ್ ಕಲ್ತೇನಿ."

ಬೂಟು

ಗ್ಯಾಸ್ ಹೆಚ್ಚುಕಡಿಮೆ ಮಾಡಲು ರೈಫಲ್ಲಿನಲ್ಲೇ ತಿರುಗಿಸುವ ಒಂದು ಬಳೆಯಿತ್ತು. ಎಷ್ಟು ತಿರುಗಿಸಬೇಕೆಂದು ಹೇಳುವ ಪುಸ್ತಕವೂ ಇತ್ತು. ಅದನ್ನು ಯಾರೂ ತೆರೆದವರಲ್ಲ. ನಮ್ಮ ಫೋರ್‌ಮನ್ನರು ಮಂಗಳೂರಿನವರು. ರಿಪೇರಿಯಾದ ರೈಫಲ್ಲನ್ನು ಚಾಚಾ ಫೈರಿಂಗ್ ರೇಂಜಿನಲ್ಲಿ ಹಾರಿಸಿ ನೋಡುವಾಗ ದಿನವೂ ಒಂದೇ ಜಾಗದಲ್ಲಿ ಕೈಕಟ್ಟಿ ನಿಲ್ಲುವರು. ಖಾಲಿ ತೋಟಾ ಅವರ ಬೂಟಿನ ಪಕ್ಕ ಬಿದ್ದರೆ "ಬರೋಬರ್" ಎನ್ನುವರು. ಆ ರೈಫಲ್ ಪಾಸು.

ಹೊಸ ಫಿಟ್ಟರೊಬ್ಬ ಬಂದವನೇ, "ಇಲ್ಲಿ ಅಳತೆ ಸಾಮಾನು ಎಲ್ಲಿದೆ?" ಎಂದ.

"ಚಾ ಕುಡ್ಯಾಕ ಹೋಗ್ಯದ," ಅಂದರು ಚಾಚಾ. "ಬರ್ತದ, ತಡಿ."

ಮೊಣಕಾಲು

ಒಂದು ವರ್ಷ ಫೋರ್‌ಮನ್ನರಿಗೆ ಮೊಣಕಾಲು ನೋವು ಹಿಡಿಯಿತು. ಕುರ್ಚಿ ತರಿಸಿ, ಆರು ಹೆಜ್ಜೆ ಆಚೆ ಹುಣಿಸೆಮರದ ನೆರಳಿನಲ್ಲಿ ಕೂತರು. ತೋಟಾ ಅಲ್ಲಿಯವರೆಗೆ ಹೋಗಲಿಲ್ಲ.

"ಗ್ಯಾಸ್ ಸಾಲದು ಮಾರಾಯ, ಹೆಚ್ಚು ಮಾಡು."

"ಬ್ಯಾಡ್ರಿ ಸಾಹೇಬ್ರ."

"ಫೋರ್‌ಮನ್ ನಾನೋ, ನೀನೋ?"

ತೋಟಾ ಬೂಟು ಮುಟ್ಟುವ ತನಕ ಹೆಚ್ಚಿಸಿದ್ದಾಯಿತು. ನನ್ನ ಮೇಜಿನ ಮೇಲೆ ಒಡೆದ ಬೋಲ್ಟು ರಾಶಿ ಬಿತ್ತು. ಇದಕ್ಕೆಲ್ಲ ಚಾಚಾ ಅವರ ಅಲಕ್ಷ್ಯವೇ ಕಾರಣ ಎಂದು ಫೋರ್‌ಮನ್ನರು ಮೆಮೋ ಬರೆದರು. ದೊಡ್ಡ ಸಾಹೇಬರು ವಿಚಾರಣೆಗೆ ಬರುವುದು, ತಪ್ಪು ಚಾಚಾ ಅವರದೆಂದಾದರೆ ರೇಂಜು ಬಿಡಿಸಿ ಗೋದಾಮಿಗೆ ಹಾಕುವುದು ಎಂದು ತೀರ್ಮಾನ. ಇಪ್ಪತ್ತು ವರ್ಷ ರೈಫಲ್ ಹಿಡಿದ ಕೈ ಇನ್ನು ಗೋಣಿ ಎಣಿಸಬೇಕು. ಚಾಚಾಗೆ ಓದು ಬಾರದು, ಮೆಮೋ ನಾನೇ ಓದಿ ಹೇಳಿದೆ.

"ಅಲಕ್ಷ್ಯ ಅಂದ್ರ ಏನ್ರಿ ಅಕ್ಕಾರ?"

"ಗಮನ ಕೊಡದೆ ಇರೋದು."

ಚಾಚಾ ನೊಂದುಕೊಂಡರು. "ಅವರ ಬೂಟಿನ ಮ್ಯಾಲಿಂದ ನಾ ಕಣ್ಣ ತಗದಿಲ್ಲಲ್ರಿ."

ಕುರ್ಚಿ

ರಿಜಿಸ್ಟರ್ ತಿರುವಿ ನೋಡಿದೆ. ಕುರ್ಚಿ ಮರದಡಿಗೆ ಹೋದ ವಾರದಿಂದಲೇ ಬೋಲ್ಟು ಒಡೆಯಲು ಶುರುವಾಗಿತ್ತು. ವಿಚಾರಣೆಯ ದಿನ ಬೆಳಗ್ಗೆ ಚಾಚಾಗೆ ಹೇಳಿದೆ, "ಇವತ್ತು ಬೂಟು ನೋಡಬೇಡಿ. ಗ್ಯಾಸ್ ಮೊದಲಿನ ಹಾಗೇ ಇಡಿ."

ದೊಡ್ಡ ಸಾಹೇಬರು ಬಂದರು. ಫೋರ್‌ಮನ್ನರು ಕುರ್ಚಿ ಅವರಿಗೆ ಬಿಟ್ಟುಕೊಟ್ಟು ಹಿಂದೆ ನಿಂತರು. ಚಾಚಾ ಗುಂಡು ಹಾರಿಸಿದರು. ತೋಟಾ ಆರು ಹೆಜ್ಜೆ ಈಚೆಗೇ ಬಿತ್ತು.

"ನೋಡಿ ಸಾರ್," ಎಂದರು ಫೋರ್‌ಮನ್ನರು ಹಿಂದಿಯಲ್ಲಿ, "ಇವನಿಗೆ ಗ್ಯಾಸ್ ಇಡಲಿಕ್ಕೇ ಗೊತ್ತಿಲ್ಲ."

ಚಾಚಾ ರೈಫಲ್ ಕೆಳಗಿಟ್ಟು ಕನ್ನಡದಲ್ಲೇ ಹೇಳಿಬಿಟ್ಟರು, "ಗ್ಯಾಸ್ ಬರೋಬರ್ ಐತ್ರಿ ಸಾಹೇಬ್ರ. ಕುರ್ಚಿ ಒಂದೀಟು ಕಡಿಮಿ ಮಾಡ್ರಿ."

"ಏನಂತಾನೆ?" ದೊಡ್ಡ ಸಾಹೇಬರು ಹಿಂದಿಯಲ್ಲಿ ಕೇಳಿದರು. ಫೋರ್‌ಮನ್ನರು ಹುಣಿಸೆಮರ ನೋಡತೊಡಗಿದರು. ನಾನು ಇದ್ದದ್ದನ್ನು ಇದ್ದ ಹಾಗೇ ಹಿಂದಿಗೆ ತಿರುಗಿಸಿ, ರಿಜಿಸ್ಟರ್ ಮುಂದಿಟ್ಟೆ.

ಸಾಹೇಬರು ಎರಡು ಪುಟ ಓದಿ ಎದ್ದರು. ತಾವೇ ಕುರ್ಚಿ ಎತ್ತಿ, ಆರು ಹೆಜ್ಜೆ ಈಚೆ ಬಿಸಿಲಿನಲ್ಲಿ ಇಟ್ಟು ಕೂತರು. ಚಾಚಾ ಮತ್ತೆ ಹಾರಿಸಿದರು. ತೋಟಾ ಟಿಣ್ಣೆಂದು ಸಾಹೇಬರ ಬೂಟಿನ ಪಕ್ಕ ಬಿತ್ತು.

"ಬರೋಬರ್," ಎಂದಿತು ಹಿಂದಿನಿಂದ ಫೋರ್‌ಮನ್ನರ ಬಾಯಿ, ಅಭ್ಯಾಸಬಲದಿಂದ.

ಸಾಹೇಬರು ನಗಲಿಲ್ಲ. ಪೆನ್ನು ತೆಗೆದು ಮೆಮೋದಲ್ಲಿ ಚಾಚಾ ಹೆಸರು ಹೊಡೆದು "ಕುರ್ಚಿ" ಎಂದು ಬರೆದರು. ಕೆಳಗೆ ಶಿಕ್ಷೆಯನ್ನೂ ಬರೆದರು: "ವರ್ಗಾವಣೆ, ಆರು ಹೆಜ್ಜೆ."